ಹಳೇ ಮಿಲಿಟರಿ ರಿವಾಲ್ವರ್‌ಗೆ ಎರಡೂವರೆ ಲಕ್ಷ ಕೊಡಬಹುದಾ?

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟ ಇದೆ, ಬೆಳೆ ರಕ್ಷಣೆಗೆ ಅಂತ ಒಂದು ಕೋವಿ ಲೈಸೆನ್ಸೂ ಇದೆ. ಪರಿಚಯದ ಮನೆಯವರು ಹಿರಿಯರ ಕಾಲದ ಮಿಲಿಟರಿ ರಿವಾಲ್ವರ್ ಮಾರ್ತೀವಿ ಅಂತಿದ್ದಾರೆ. ಎರಡೂವರೆ ಲಕ್ಷ ಹೇಳ್ತಿದ್ದಾರೆ. ಅಷ್ಟು ಬೆಲೆ ಬಾಳುತ್ತಾ? ತಿಳಿಯೋದು ಹೇಗೆ?

ಉತ್ತರ: ರಿವಾಲ್ವರ್ ಇಟ್ಟ ಪೆಟ್ಟಿಗೆಯನ್ನು ಆಮೇಲೆ ತೆಗೆಸಿ. ಮೊದಲು ಅವರ ಲೈಸೆನ್ಸ್ ಪುಸ್ತಕ ತೆಗೆಸಿ. ಅದರಲ್ಲಿ ಬೋರ್ ಎಷ್ಟು, ಅಂದರೆ ನಳಿಗೆಯ ಒಳಗಿನ ಅಗಲ ಎಷ್ಟು ಇಂಚು ಅಂತ ಬರೆದಿರುತ್ತದೆ. ನಿಮ್ಮ ಎರಡೂವರೆ ಲಕ್ಷದ ಹಣೆಬರಹ ಇರುವುದು ಆ ಒಂದು ಅಂಕಿಯಲ್ಲಿ.

ಯಾಕೆ ಅಂದರೆ, ಬ್ರಿಟಿಷರ ಕಾಲದ ಮಿಲಿಟರಿ ರಿವಾಲ್ವರ್ ಅಂತ ನಮ್ಮ ಕಡೆ ಕಾಣಸಿಗುವುದು ಮುಖ್ಯವಾಗಿ ಎರಡು ಜಾತಿ. ಒಂದು 1915ರಲ್ಲಿ ಸೈನ್ಯಕ್ಕೆ ಬಂದ ವೆಬ್ಲಿ ಮಾರ್ಕ್ 6. ದಪ್ಪ, ಭಾರ, ಬೋರ್ .455. ಇನ್ನೊಂದು 1930ರ ದಶಕದಲ್ಲಿ ಬಂದ ಎನ್‌ಫೀಲ್ಡ್ ನಂಬರ್ 2. ಸ್ವಲ್ಪ ಸಣ್ಣದು, ಬೋರ್ .380. ಎರಡೂ ಆರು ಗುಂಡಿನವು. ಹೆಬ್ಬೆರಳಿನಲ್ಲಿ ಕೊಂಡಿ ಒತ್ತಿದರೆ ನಡು ಮುರಿದ ಹಾಗೆ ನಳಿಗೆ ಮುಂದಕ್ಕೆ ಬಾಗುತ್ತದೆ, ಒಳಗಿನ ತೋಟಾಗಳು ಮೇಲೆದ್ದು ಬರುತ್ತವೆ.

ತೊಡಕು ಇಲ್ಲೇ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ .380 ಮತ್ತು .455 ತೋಟಾ ಹಾರಿಸಬಲ್ಲ ಯಾವುದೇ ರಿವಾಲ್ವರ್ ನಿರ್ಬಂಧಿತ ವರ್ಗಕ್ಕೆ ಸೇರಿದೆ. ಸೈನ್ಯದ 9 ಎಂ.ಎಂ. ಪಿಸ್ತೂಲೂ ಅದೇ ಸಾಲಿನಲ್ಲಿದೆ. ಬಾಯಿಮಾತಿನಲ್ಲಿ ಇದನ್ನೇ 'ಪಿ.ಬಿ.' ಅನ್ನುವುದು, ಅಂದರೆ ಪ್ರೊಹಿಬಿಟೆಡ್ ಬೋರ್. ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುವ ಮಾಮೂಲಿ ಲೈಸೆನ್ಸಿಗೆ ಅದು ಬರುವುದಿಲ್ಲ, ಕೇಂದ್ರ ಗೃಹ ಸಚಿವಾಲಯದವರೆಗೆ ಹೋಗಬೇಕು. ಮಂಗ ಓಡಿಸುವ ಕೋವಿಯ ಲೈಸೆನ್ಸಂತೂ ಇದಕ್ಕೆ ಲೆಕ್ಕಕ್ಕೇ ಇಲ್ಲ. ಲೈಸೆನ್ಸ್ ಇಲ್ಲದೆ ಇಂಥದ್ದನ್ನು ಇಟ್ಟುಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, 14ರವರೆಗೂ ಹೋಗಬಹುದು.

'ಅದು ಆಂಟಿಕ್ ಅಲ್ವಾ, ಅದಕ್ಕೆ ಎಂಥ ಲೈಸೆನ್ಸು' ಅಂತ ಮಾರುವವರು ಹೇಳಬಹುದು. ನಂಬಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಹಳೇ ಆಯುಧಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿರಬೇಕು ಅಂತಲೂ ಅಲ್ಲೇ ಇದೆ. 1916ರ ವೆಬ್ಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಇವತ್ತೂ ಕುದುರೆ, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆ, ಟಕ್ ಅನ್ನುತ್ತದೆ. ನೂರು ವರ್ಷ ಆಯಿತು ಅಂತ ಅದು ಗೋಡೆಗೆ ನೇತುಹಾಕುವ ಅಲಂಕಾರದ ಸಾಮಾನು ಆಗುವುದಿಲ್ಲ.

ಹಾಗಾಗಿ ಪುಸ್ತಕದಲ್ಲಿ .380 ಅಥವಾ .455 ಅಂತಿದ್ದರೆ ನಿಮ್ಮ ಪಾಲಿಗೆ ಅದರ ಬೆಲೆ ಸೊನ್ನೆ. ಇಂಟರ್‌ನೆಟ್ಟಿನಲ್ಲಿ ಅಮೆರಿಕದ ಹರಾಜಿನ ರೇಟು ನೋಡಿ, ಡಾಲರ್ ಗುಣಿಸಿಕೊಂಡು ಕೂರುವುದೂ ಸುಮ್ನೆ. ಅಲ್ಲಿನ ಕಾನೂನೇ ಬೇರೆ, ಮಾಲೂ ಬೇರೆ. ಅಲ್ಲಿಗೆ ಹೋದ ಎಷ್ಟೋ ವೆಬ್ಲಿಗಳ ಸಿಲಿಂಡರನ್ನು ಅಲ್ಲಿ ಸುಲಭವಾಗಿ ಸಿಗುವ .45 ತೋಟಾ ಕೂರಲಿ ಅಂತ ಹಿಂದಿನಿಂದ ಉಜ್ಜಿ ತೆಳ್ಳಗೆ ಮಾಡಿದ್ದಾರೆ.

ಪುಸ್ತಕದಲ್ಲಿ .32 ಅಂತಿದ್ದರೆ ಮಾತು ಬೇರೆ. ಅದು ಮಾಮೂಲಿ ಲೈಸೆನ್ಸಿಗೆ ಬರುತ್ತದೆ. 1980ರ ದಶಕದ ನಡುವಿನಿಂದ ವಿದೇಶಿ ಬಂದೂಕುಗಳ ಖಾಸಗಿ ಆಮದು ಹೆಚ್ಚುಕಡಿಮೆ ನಿಂತೇಹೋಗಿದೆ. ಆದ್ದರಿಂದ ಅದಕ್ಕೂ ಮೊದಲು ಬಂದ ಹಳೇ ಇಂಗ್ಲೆಂಡಿನ .32 ವೆಬ್ಲಿಗೆ ಲಕ್ಷಗಳಲ್ಲಿ ಬೆಲೆ ಹೇಳಿದರೆ ಆಶ್ಚರ್ಯ ಇಲ್ಲ. ಆದರೆ ಬ್ರಿಟಿಷ್ ಸೈನ್ಯ ತನ್ನ ಸೈನಿಕರಿಗೆ ಕೊಟ್ಟ ಬೋರ್ .32 ಅಲ್ಲ. ಅಂದರೆ ನಿಜವಾಗಿ ಮಿಲಿಟರಿಯದ್ದಾದರೆ ನಿಮಗೆ ಕೊಳ್ಳಲು ಬರುವುದಿಲ್ಲ, ಕೊಳ್ಳಲು ಬರುವಂಥದ್ದಾದರೆ ಅದು ಬಹುಪಾಲು ಮಿಲಿಟರಿಯದ್ದಲ್ಲ. 'ಮಿಲಿಟರಿ' ಅನ್ನುವ ಒಂದು ಮಾತಿಗೆ ಐವತ್ತು ಸಾವಿರ ಸೇರಿಸಿದ್ದರೆ, ಚೌಕಾಸಿ ಅಲ್ಲಿಂದಲೇ ಶುರು ಮಾಡಿ.

ವೆಬ್ಲಿ ಅನ್ನುವ ಹೆಸರಿನಲ್ಲೂ ಒಂದು ಎಚ್ಚರ ಬೇಕು. 2020ರಿಂದ ಅದೇ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೇ ತಯಾರಾಗುತ್ತಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಕೂಡ ವೆಬ್ಲಿಯ ಅಚ್ಚಿನದೇ. ದೂರದಿಂದ ನೋಡಿದರೆ ಮೂರೂ ಅಣ್ಣತಮ್ಮಂದಿರು. ಎಲ್ಲಿಯದು ಅಂತ ಮುದ್ರೆ ಓದಿಯೇ ತಿಳಿಯಬೇಕು.

ಮುದ್ರೆ ಓದುವುದು ಅಂದಾಗ ಸಾಗರದ ಹತ್ತಿರದ ಒಂದು ಮನೆ ನೆನಪಾಗುತ್ತದೆ. ಎಂಬತ್ತರ ಹತ್ತಿರದ ಯಜಮಾನರು. ತಂದೆಯ ಕಾಲದ ಲೈಸೆನ್ಸನ್ನು ಬಿಡದೆ ನವೀಕರಿಸಿಕೊಂಡು ಬಂದವರು. ಹಲಸಿನ ಮರದ ಪುಟ್ಟ ಪೆಟ್ಟಿಗೆ ತಂದು ಜಗಲಿಯ ಮೇಲಿಟ್ಟರು. ಮುಚ್ಚಳದ ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡಗೆ 'ಹೈಫಾ' ಅಂತ ಬರೆದಿತ್ತು. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದ ಸವಾರರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇತ್ತಲ್ಲ, ಅದರಲ್ಲಿದ್ದ ನೆಂಟರೊಬ್ಬರಿಂದ ಬಂದದ್ದು ಅನ್ನುವುದು ಮನೆಯ ಕಥೆ. ಯಜಮಾನರೇ ನಳಿಗೆ ಬಗ್ಗಿಸಿ ಆರೂ ಮನೆ ಖಾಲಿ ಅಂತ ತೋರಿಸಿದರು. ನಾನು ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಚೌಕಟ್ಟಿನ ಬಲಮಗ್ಗುಲು ಒರೆಸಿದೆ. ಕಿರೀಟದ ಮುದ್ರೆ ಕಂಡಿತು. ಅದರ ಕೆಳಗೆ ಎನ್‌ಫೀಲ್ಡ್. ಅದರ ಕೆಳಗೆ ನಂಬರ್ 2 ಮಾರ್ಕ್ 1, ಪಕ್ಕದಲ್ಲೊಂದು ನಕ್ಷತ್ರ. ಕೊನೆಗೆ 1941.

"ಹಂಗಾದ್ರೆ ನಮ್ಮಪ್ಪಯ್ಯ ಸುಳ್ಳು ಹೇಳಿದ್ರಾ ಮಾರಾಯ್ರೇ?" ಅಂದರು.

ಸುಳ್ಳೇನಲ್ಲ. ನೆಂಟರು ಹೈಫಾಕ್ಕೆ ಹೋಗಿದ್ದಿರಬಹುದು, ರಿವಾಲ್ವರ್ ಹೋಗಿರಲಿಲ್ಲ ಅಷ್ಟೆ. ಆಗ ಅದು ಇನ್ನೂ ಹುಟ್ಟಿಯೇ ಇರಲಿಲ್ಲ. ಆ ನಕ್ಷತ್ರವೂ ಸುಮ್ಮನೆ ಇರುವುದಲ್ಲ. 1938ರಿಂದ ಬಂದ ಈ ಮಾದರಿಯಲ್ಲಿ ಕುದುರೆಯ ಕಿವಿಯನ್ನೇ, ಅಂದರೆ ಹೆಬ್ಬೆರಳಿಗೆ ಸಿಗುವ ತುದಿಯನ್ನೇ, ಕತ್ತರಿಸಿರುತ್ತಾರೆ, ಹೆಬ್ಬೆರಳಿನಿಂದ ಎಳೆಯಲು ಬರುವುದಿಲ್ಲ. ಟ್ಯಾಂಕಿನ ಇಕ್ಕಟ್ಟಿನಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತಿತ್ತು ಅನ್ನುತ್ತಾರೆ. ಹಳೇ ಕಿವಿ ಇದ್ದವನ್ನೂ ಹೀಗೆ ಬದಲಾಯಿಸಿದ್ದರಿಂದ, ಕಿವಿ ಉಳಿದಿರುವ ಎನ್‌ಫೀಲ್ಡಿಗೆ ಸಂಗ್ರಾಹಕರ ಹತ್ತಿರ ಬೆಲೆ ಜಾಸ್ತಿ.

ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನುವುದಕ್ಕೆ ಮೂರು ಗೀಟಿನ ಒಂದು ಬಾಣದ ಗುರುತು ಇರುತ್ತದೆ. ಎರಡು ಬಾಣ ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ ಸೇವೆಯಿಂದ ತೆಗೆದು ಮಾರಿದ್ದು ಅಂತ ಅರ್ಥ. ಆಮೇಲೆ ಸೀರಿಯಲ್ ನಂಬರ್. ಚೌಕಟ್ಟು, ನಳಿಗೆ, ಸಿಲಿಂಡರ್ ಮೂರರಲ್ಲೂ ಒಂದೇ ಇರಬೇಕು, ಲೈಸೆನ್ಸ್ ಪುಸ್ತಕದಲ್ಲೂ ಅದೇ ಇರಬೇಕು. ಸಿಲಿಂಡರಿನದು ಬೇರೆ ಇದ್ದರೆ ಎರಡು ಮುರಿದದ್ದನ್ನು ಸೇರಿಸಿ ಒಂದು ಮಾಡಿದ್ದಾರೆ ಅಂತ ಅನುಮಾನ ಪಡಿ. ನಂಬರನ್ನು ಉಜ್ಜಿ ಅಳಿಸಿದ್ದರೆ ಮಾತೇ ಬೇಡ, ಎದ್ದು ಬನ್ನಿ.

ಇನ್ನು ಬಣ್ಣ. ಇದನ್ನು ಅಡಿಕೆ ಬೆಳೆಯುವವರಿಗೆ ವಿವರಿಸುವುದು ಸುಲಭ. ಚೊಗರು ಜಾಸ್ತಿ ಹಾಕಿ ಮಿರಿಮಿರಿ ಮಾಡಿದ ಅಡಿಕೆಯನ್ನು ಶಿವಮೊಗ್ಗದ ಮಂಡಿಯವರು ಬಣ್ಣ ನೋಡಿ ತಗೊಳ್ತಾರಾ? ಕತ್ತರಿಸಿ ನೋಡುತ್ತಾರೆ. ಇಲ್ಲೂ ಹಾಗೇ. ಕಾರ್ಖಾನೆಯ ಮೂಲ ಕಪ್ಪುನೀಲಿ ಬಣ್ಣ ಅಂಚುಗಳಲ್ಲಿ, ನಳಿಗೆಯ ಬಾಯಲ್ಲಿ ಮಾಸಿ ಬೆಳ್ಳಗಾಗಿರುವುದು ಸಹಜ. ಎಂಬತ್ತು ವರ್ಷದ ಮಾಲು ಎಲ್ಲ ಕಡೆ ಒಂದೇ ಸಮ ಹೊಳೆಯುತ್ತಿದ್ದರೆ ಮತ್ತೆ ಬಣ್ಣ ಕೂರಿಸಿದ್ದಾರೆ. ಅಕ್ಷರಗಳ ಅಂಚು ನೋಡಿ. ಪಾಲಿಷ್ ಮಾಡಿದ್ದರೆ ಚೂಪು ಹೋಗಿ ಕರಗಿದ ಬೆಲ್ಲದ ಹಾಗೆ ಮೊಂಡಾಗಿರುತ್ತದೆ. ಹೊಳಪಿಗಿಂತ ಮಾಸಿದ್ದಕ್ಕೇ ಬೆಲೆ ಹೆಚ್ಚು. ಇದನ್ನು ಎಷ್ಟು ಹೇಳಿದರೂ ಮಾರುವವರು ಒಪ್ಪುವುದಿಲ್ಲ, ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿಯೇ ಇಡುತ್ತಾರೆ.

ನಮ್ಮ ಮಲೆನಾಡಿನ ದೊಡ್ಡ ಶತ್ರು ಮಳೆಗಾಲ. ಅದಕ್ಕಿಂತ ದೊಡ್ಡ ಶತ್ರು ಚರ್ಮದ ಚೀಲ. ಚೀಲದೊಳಗೆ ಇಟ್ಟರೆ ಜೋಪಾನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಚರ್ಮ ಥಂಡಿ ಹೀರುತ್ತದೆ, ಮುಗ್ಗುತ್ತದೆ, ಆ ಪಸೆಯನ್ನು ಕಬ್ಬಿಣಕ್ಕೆ ದಾಟಿಸುತ್ತದೆ. ಜೂನ್‌ನಲ್ಲಿ ಇಟ್ಟದ್ದನ್ನು ದೀಪಾವಳಿಗೆ ತೆಗೆದರೆ ಚೀಲ ತಾಗಿದ ಮಗ್ಗುಲಿನಲ್ಲಿ ಸಾಸಿವೆ ಕಾಳಿನ ಹಾಗೆ ಗುಳಿ ಬಿದ್ದಿರುತ್ತದೆ. ಮೇಲಿನ ಕೆಂಪು ತುಕ್ಕು ಎಣ್ಣೆಗೆ ಹೋಗುತ್ತದೆ, ಗುಳಿ ಹೋಗುವುದಿಲ್ಲ. ಮರದ ಹಿಡಿ ಬಿಚ್ಚಿಸಿ ಒಳಗೂ ನೋಡಿ. ಒಂದು ಕಡೆಯಿಂದ ಬಿಳಿ ಹಾಳೆ ಹಿಡಿದು ನಳಿಗೆಯೊಳಗೆ ಇಣುಕಿದರೆ ಸುರುಳಿ ಗೀಟುಗಳು ಸ್ಪಷ್ಟ ಕಾಣಬೇಕು. ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟು ತಂದ ಮೇಲೆ ಎಣ್ಣೆ ಕಾಣದ ಕೋವಿಗಳ ಒಳಗನ್ನು ನೀವೂ ನೋಡಿರುತ್ತೀರಿ, ಹೇಳಬೇಕಾಗಿಲ್ಲ.

ಸಡಿಲ ಇದೆಯಾ ಅಂತ ನೋಡುವುದನ್ನು ಬಂದೂಕಿನ ಡೀಲರ್ ಕೈಯಲ್ಲೇ ಮಾಡಿಸಿ. ನಳಿಗೆ ಬಾಗುವ ಕೀಲು ಲೊಡಲೊಡ ಅನ್ನಬಾರದು. ಕುದುರೆ ಬಿದ್ದ ಗಳಿಗೆಯಲ್ಲಿ ಟ್ರಿಗರ್ ಒತ್ತಿಯೇ ಹಿಡಿದಾಗ ಸಿಲಿಂಡರ್ ಆಚೀಚೆ ಅಲ್ಲಾಡಬಾರದು.

.32 ಅಂತ ಖಾತ್ರಿಯಾಗಿ, ಮಾಲು ಒಪ್ಪಿಗೆಯಾದರೂ ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡು ಬರುವ ವ್ಯಾಪಾರ ಇದಲ್ಲ. ನಿಮ್ಮ ಹೆಸರಿಗೆ ರಿವಾಲ್ವರ್ ಲೈಸೆನ್ಸ್ ಮೊದಲು ಆಗಬೇಕು. ಕೋವಿಯೂ ಸೇರಿ ಒಬ್ಬರಿಗೆ ಎರಡೇ ಆಯುಧ. ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಅಡ್ವಾನ್ಸ್ ಕೇಳಿದರೆ ಆ 45 ದಿನ ಮುಗಿಯಲಿ ಅನ್ನಿ.

.380 ಅಂತಿದ್ದರೆ ಆ ಮನೆಯವರಿಗೆ ಒಂದು ಮಾತು ತಿಳಿಸಿ. ಲೈಸೆನ್ಸ್ ಇದ್ದವರಿಗೆ 70 ವರ್ಷ ಆಗಿದ್ದರೆ, ಅಥವಾ ಆಯುಧ 25 ವರ್ಷ ಅವರ ಹತ್ತಿರ ಇದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು. ಸಾಗರದ ಯಜಮಾನರು ಹಾಗೇ ಮಾಡಿದರು, ಮಗಳ ಹೆಸರಿಗೆ. ಪೆಟ್ಟಿಗೆಯ ಮೇಲಿನ ಚೀಟಿ ಕಿತ್ತುಹಾಕಿ ಅಂತ ಮಗಳು ಹೇಳಿದರಂತೆ. ಅವರು ಕೀಳಲಿಲ್ಲ. 'ಹೈಫಾ' ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ.