ಸುನಿಲ್ ಛೆಟ್ರಿ: ಗೋಲು ಎಣಿಸುವುದಲ್ಲ, ಓದುವುದು

ಪರೀಕ್ಷೆಯ ಕ್ರೀಡಾ ವಿಭಾಗಕ್ಕೆ ಓದುವಾಗ ನಾವೆಲ್ಲ ಮಾಡುವ ಒಂದು ಕೆಲಸ ಇದೆ. ಹೆಸರು ಬರೆಯುವುದು, ಪಕ್ಕದಲ್ಲಿ ಒಂದು ಸಂಖ್ಯೆ ಹಾಕುವುದು, ಕೆಳಗೆ ಗೆರೆ ಎಳೆದು ಮುಂದಿನ ಹೆಸರಿಗೆ ಹೋಗಿಬಿಡುವುದು. ನನ್ನ ನೋಟ್‌ಬುಕ್‌ನಲ್ಲೂ "ಛೆಟ್ರಿ - 94" ಅಂತಷ್ಟೇ ಇತ್ತು, ಅಂದರೆ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ಭಾರತಕ್ಕೆ ಹೊಡೆದ ಗೋಲುಗಳು. ಒಂದು ಸಂಜೆ ಗೆಳೆಯರು ಸೇರಿ ಸುಮ್ನೆ ಕ್ವಿಜ್ ಆಡುತ್ತಿದ್ದಾಗ ಒಬ್ಬ ಕೇಳಿದ: "ಆ 94ರಲ್ಲಿ ಭಾರತದ ದಾರಿಯನ್ನೇ ಬದಲಾಯಿಸಿದ 3 ಗೋಲು ಯಾವುವು?" ನನ್ನ ಬಾಯಿ ಕಟ್ಟಿಹೋಯಿತು. ಸಂಖ್ಯೆ ಗೊತ್ತಿತ್ತು, ಒಂದು ಗೋಲೂ ಗೊತ್ತಿರಲಿಲ್ಲ. ಈ ಟಿಪ್ಪಣಿ ಹುಟ್ಟಿದ್ದು ಅಲ್ಲಿಂದ.

ಮೊದಲು ಒಣ ವಿವರ ಮುಗಿಸಿಬಿಡೋಣ. ಹುಟ್ಟಿದ್ದು 1984ರ ಆಗಸ್ಟ್ 3, ಸಿಕಂದರಾಬಾದ್‌ನಲ್ಲಿ. ಹೆಸರು ನೋಡಿ ಡಾರ್ಜಿಲಿಂಗ್ ಅಂತಲೋ, ಮೊದಲ ದೊಡ್ಡ ಕ್ಲಬ್ ನೋಡಿ ಕೋಲ್ಕತ್ತಾ ಅಂತಲೋ ಬರೆಯಬೇಡಿ, ನಾನು ಬರೆದು ಒಂದು ಮಾರ್ಕ್ಸ್ ಕಳೆದುಕೊಂಡಿದ್ದೇನೆ. ಅಪ್ಪ ಸೇನೆಯಲ್ಲಿದ್ದವರು. ಅಮ್ಮ ಸುಶೀಲಾ ಮತ್ತು ಅವರ ಅವಳಿ ಸಹೋದರಿ ಇಬ್ಬರೂ ನೇಪಾಳದ ಮಹಿಳಾ ತಂಡಕ್ಕೆ ಫುಟ್‌ಬಾಲ್ ಆಡಿದವರು. ಮಗನಿಗೆ ಆಟ ಬಂದದ್ದು ಎಲ್ಲಿಂದ ಅಂತ ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ. 2002ರಲ್ಲಿ ಮೋಹನ್ ಬಾಗಾನ್, 2005ರಲ್ಲಿ ಪಂಜಾಬಿನ ಜೆಸಿಟಿ, 2008ರಲ್ಲಿ ಈಸ್ಟ್ ಬೆಂಗಾಲ್, ಆಮೇಲೆ ಗೋವಾದ ಡೆಂಪೊ.

ರಾಷ್ಟ್ರೀಯ ತಂಡದ ಮೊದಲ ಪಂದ್ಯ 2005ರ ಜೂನ್ 12, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಹುಡುಗನಿಗೆ ಇನ್ನೂ 20 ವರ್ಷ. ಮೊದಲ ಪಂದ್ಯದಲ್ಲೇ ಗೋಲು, ಫಲಿತಾಂಶ 1-1. ಗೋಲು ಹೊಡೆದ ಖುಷಿಯಲ್ಲಿ ಪಾಕಿಸ್ತಾನಿ ಪ್ರೇಕ್ಷಕರ ಕಡೆಗೇ ಓಡಿಬಿಟ್ಟಿದ್ದೆ ಅಂತ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಈ ಊರಿನ ಹೆಸರು ಮತ್ತು ಎದುರಾಳಿಯ ಹೆಸರು ಎರಡನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಪಾಕಿಸ್ತಾನ ಮತ್ತೆ ಬರುತ್ತದೆ.

ದೆಹಲಿ, 2008

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ನನ್ನ ಗೆಳೆಯ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.

ನೆಹರೂ ಕಪ್ ಮತ್ತು ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಚಾಲೆಂಜ್ ಕಪ್ ಎರಡನ್ನೂ ಕಲಸಿಕೊಳ್ಳುವವರು ಜಾಸ್ತಿ. ನೆಹರೂ ಕಪ್ ನಾವೇ ನಡೆಸುತ್ತಿದ್ದ ಆಹ್ವಾನ ಟೂರ್ನಿ, ಅದನ್ನು ಭಾರತ 2007, 2009 ಮತ್ತು 2012ರಲ್ಲಿ ಗೆದ್ದಿತು. ಗೆದ್ದರೆ ಕಪ್ ಸಿಗುತ್ತಿತ್ತು, ಹೆಮ್ಮೆ ಸಿಗುತ್ತಿತ್ತು, ಬೇರೇನೂ ಸಿಗುತ್ತಿರಲಿಲ್ಲ. ಚಾಲೆಂಜ್ ಕಪ್ ಹಾಗಿರಲಿಲ್ಲ. ಅದು ಏಷ್ಯಾದ ಸಣ್ಣ ತಂಡಗಳಿಗೆ ಅಂತ ಮಾಡಿದ ಟೂರ್ನಿ, ಗೆದ್ದವರಿಗೆ ಏಷ್ಯಾದ ದೇಶಗಳ ದೊಡ್ಡ ಟೂರ್ನಿಯಾದ ಏಷ್ಯನ್ ಕಪ್‌ಗೆ ನೇರ ಟಿಕೆಟ್ ಸಿಗುತ್ತಿತ್ತು. ಭಾರತ ಏಷ್ಯನ್ ಕಪ್ ಆಡಿ ಆಗಲೇ ಎರಡು ದಶಕದ ಮೇಲಾಗಿತ್ತು, ಕೊನೆಯ ಸಲ ಆಡಿದ್ದು 1984ರಲ್ಲಿ, ಅಂದರೆ ಛೆಟ್ರಿ ಹುಟ್ಟಿದ ವರ್ಷ.

ಟೂರ್ನಿ ನಡೆಯುತ್ತಿದ್ದದ್ದು ಹೈದರಾಬಾದ್‌ನಲ್ಲಿ. ಮಳೆ ಬಿದ್ದು ಮೈದಾನ ಹಾಳಾಗಿ ಫೈನಲ್ ಅನ್ನು ದೆಹಲಿಯ ಅಂಬೇಡ್ಕರ್ ಸ್ಟೇಡಿಯಂಗೆ ಒಯ್ದರು. 2008ರ ಆಗಸ್ಟ್ 13, ಎದುರಾಳಿ ತಜಿಕಿಸ್ತಾನ. ಭಾರತ 4-1ರಿಂದ ಗೆದ್ದಿತು. ಛೆಟ್ರಿ ಹ್ಯಾಟ್ರಿಕ್, ಉಳಿದ ಒಂದು ಆಗಿನ ಕ್ಯಾಪ್ಟನ್ ಬೈಚುಂಗ್ ಭುಟಿಯಾ ಅವರದು. ಆ 3 ಗೋಲುಗಳಿಂದ ಭಾರತ 27 ವರ್ಷದ ನಂತರ, 2011ರಲ್ಲಿ ದೋಹಾಕ್ಕೆ ಹೋಗಿ ಏಷ್ಯನ್ ಕಪ್ ಆಡಿತು. ಅಲ್ಲಿ ಆಸ್ಟ್ರೇಲಿಯಾ 4-0, ಬಹ್ರೇನ್ 5-2, ದಕ್ಷಿಣ ಕೊರಿಯಾ 4-1 ಅಂತ ಮೂರೂ ಪಂದ್ಯದಲ್ಲಿ ಚೆನ್ನಾಗಿಯೇ ಬಾರಿಸಿದವು, ಅದು ಬೇರೆ ಮಾತು. ಛೆಟ್ರಿ ಅಲ್ಲೂ 2 ಗೋಲು ಹೊಡೆದರು, ಬಹ್ರೇನ್ ವಿರುದ್ಧ ಒಂದು, ಕೊರಿಯಾ ವಿರುದ್ಧ ಪೆನಾಲ್ಟಿಯಲ್ಲಿ ಒಂದು.

ಭುಟಿಯಾ ನಿವೃತ್ತಿಯಾದ ಮೇಲೆ ಜವಾಬ್ದಾರಿ, ಕ್ಯಾಪ್ಟನ್ ಪಟ್ಟಿ ಎಲ್ಲ ಇವರ ತೋಳಿಗೆ ಬಂತು.

ತೆರೆಯದ ಬಾಗಿಲುಗಳು

ಈ ಭಾಗವನ್ನು ಗೈಡ್ ಪುಸ್ತಕಗಳು ಹಾರಿಸಿಬಿಡುತ್ತವೆ. ನನಗೆ ಮಾತ್ರ ಇದೇ ಮುಖ್ಯ ಅನಿಸುತ್ತದೆ.

2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮಾತುಕತೆ ಮುಗಿದು, 3 ವರ್ಷದ ಒಪ್ಪಂದ ಸಿದ್ಧವಾಗಿತ್ತು. ಕೆಲಸದ ಪರವಾನಗಿ ಸಿಗಲಿಲ್ಲ. ಅಲ್ಲಿನ ಆಗಿನ ನಿಯಮದ ಪ್ರಕಾರ ಆಟಗಾರನ ದೇಶ ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕಿತ್ತು, ಭಾರತ ಆಗ ನೂರರ ಆಚೆ ಎಲ್ಲೋ ಇತ್ತು. ಅಂದರೆ ಆಟಗಾರ ಪಾಸಾಗಿದ್ದ, ದೇಶ ಫೇಲಾಗಿತ್ತು. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಝರ್ಡ್ಸ್ ಸೇರಿದರು. ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗಿನ ಸ್ನೇಹ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ, ಮೇಜರ್ ಲೀಗ್ ಸಾಕರ್‌ನಲ್ಲಿ ಒಂದು ಲೀಗ್ ಪಂದ್ಯವೂ ದಕ್ಕಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ಬಿ ತಂಡ. ಅಲ್ಲೂ ಹೆಚ್ಚಿನ ದಿನ ಬೆಂಚಿನ ಮೇಲೆ. 2013ರ ಆರಂಭದಲ್ಲಿ ಚರ್ಚಿಲ್ ಬ್ರದರ್ಸ್‌ಗೆ ಲೋನ್ ಮೇಲೆ ಗೋವಾಕ್ಕೆ ವಾಪಸ್, ಆ ವರ್ಷ ಚರ್ಚಿಲ್ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು.

28 ವರ್ಷದ ಸ್ಟ್ರೈಕರ್ ಹೊರದೇಶದಲ್ಲಿ ಮೂರು ಸಲ ಪ್ರಯತ್ನಿಸಿ ಊರಿಗೆ ಮರಳಿದ್ದ. ಸಾಮಾನ್ಯವಾಗಿ ಕಥೆ ಅಲ್ಲಿಗೆ ಇಳಿಮುಖ, ಅಲ್ವಾ? ಇವರ ಲೆಕ್ಕದಲ್ಲಿ ದೊಡ್ಡ ಭಾಗ ಶುರುವಾಗಿದ್ದೇ ಆಮೇಲೆ, ಅದೂ ನಮ್ಮೂರಿನಲ್ಲಿ.

ಬೆಂಗಳೂರಿನ 11ನೇ ನಂಬರ್

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಹೊಸ ಕ್ಲಬ್, ಆಶ್ಲಿ ವೆಸ್ಟ್‌ವುಡ್ ಕೋಚ್, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಟ. ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟರು. ಮುಂದಿನ ಸೀಸನ್‌ಗೆ ಕಂಠೀರವಕ್ಕೆ ಬಂದರು, ವೆಸ್ಟ್ ಬ್ಲಾಕ್‌ನಲ್ಲಿ ನಿಂತು 90 ನಿಮಿಷ ಹಾಡುವ ಹುಡುಗರ ಗುಂಪು ದೊಡ್ಡದಾಯಿತು. ಆಮೇಲಿನದನ್ನು ಒಂದೇ ಉಸಿರಿಗೆ ಹೇಳುತ್ತೇನೆ: 2015 ಮತ್ತು 2017ರಲ್ಲಿ ಫೆಡರೇಷನ್ ಕಪ್, 2015-16ರಲ್ಲಿ ಇನ್ನೊಂದು ಐ-ಲೀಗ್, 2018ರಲ್ಲಿ ಸೂಪರ್ ಕಪ್, 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), 2022ರಲ್ಲಿ ಡುರಾಂಡ್ ಕಪ್. ನಡುವೆ 2015 ಮತ್ತು 2016ರ ಐಎಸ್‌ಎಲ್‌ನಲ್ಲಿ ಮುಂಬೈ ಸಿಟಿಗೆ ಆಡಿದ್ದೂ ಉಂಟು. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಅಂತ ಪ್ರಶ್ನೆ ಬಂದರೆ ಉತ್ತರ ಇವರೇ, ಆದರೆ ಆಗ ತೊಟ್ಟಿದ್ದು ಮುಂಬೈ ಜೆರ್ಸಿ, ಬೆಂಗಳೂರಿನದಲ್ಲ.

ಒಂದೇ ಒಂದು ಕ್ಲಬ್ ಪಂದ್ಯ ನೋಡಬೇಕು ಅಂದರೆ 2016ರ ಅಕ್ಟೋಬರ್ 19ರದ್ದನ್ನು ಹುಡುಕಿ ನೋಡಿ. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ, ಕಂಠೀರವದಲ್ಲಿ, ಎದುರು ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್. ಹಿಂದಿನ ವರ್ಷ ಕಪ್ ಗೆದ್ದಿದ್ದವರು ಅವರೇ. ಅಲ್ಲಿ ಹೋಗಿ 1-1 ಮಾಡಿಕೊಂಡು ಬಂದಿದ್ದ ಬೆಂಗಳೂರಿಗೆ ಇಲ್ಲಿ ಶುರುವಿನಲ್ಲೇ ಗೋಲು ಬಿತ್ತು. ವಿರಾಮಕ್ಕೆ ಸ್ವಲ್ಪ ಮುಂಚೆ ಕಾರ್ನರ್‌ನಿಂದ ಛೆಟ್ರಿ ಹೆಡರ್, 1-1. ಇದನ್ನು ಎರಡು ಸಲ ನೋಡಿ. ಮನುಷ್ಯ ಎತ್ತರ ಏನೂ ಇಲ್ಲ, 5 ಅಡಿ 7 ಅಂಗುಲದ ಆಸುಪಾಸು. ಚೆಂಡು ಕಾಲಿನಿಂದ ಹೊರಡುವ ಮೊದಲೇ ಡಿಫೆಂಡರ್‌ನ ಬೆನ್ನ ಹಿಂದಿನಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟಿರುತ್ತಾರೆ. ಎತ್ತರದವನು ಹಾರುವ ಹೊತ್ತಿಗೆ ಇವರು ಆಗಲೇ ಗಾಳಿಯಲ್ಲಿ. ಎರಡನೇದು ಬಾಕ್ಸಿನ ಹೊರಗಿಂದ ಬಾರಿಸಿದ್ದು, ಕೀಪರ್ ಚಾಚಿದರೂ ಸಿಗದಂತೆ ಮೇಲಿನಿಂದ ಬಲೆಗೆ ಬಿತ್ತು. ಆಮೇಲೆ ಜುವಾನನ್ ಒಂದು ಸೇರಿಸಿ 3-1. ಭಾರತದ ಕ್ಲಬ್ ಒಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ 1-0ರಿಂದ ಗೆದ್ದಿತು.

ಕಲಿಯುವವರಿಗೆ ಇನ್ನೊಂದು ಸೂಕ್ಷ್ಮ. ಕ್ಲಬ್‌ನಲ್ಲಿ ಇವರು ಎಷ್ಟೋ ಪಂದ್ಯ ಆಡಿದ್ದು ನಡುವಿನ ಸ್ಟ್ರೈಕರ್ ಆಗಿ ಅಲ್ಲ, ಎಡಬದಿಯಲ್ಲಿ. ನಡುವಿನ ಜಾಗಕ್ಕೆ ವಿದೇಶಿ ಆಟಗಾರ ಇರುತ್ತಿದ್ದ. 2017-18ರಲ್ಲಿ ವೆನೆಜುವೆಲಾದ ಮಿಕು ನಡುವೆ, ಛೆಟ್ರಿ ಎಡಕ್ಕೆ. ಮಿಕು 15 ಗೋಲು, ಎಡಬದಿಯವರು 14! ದೇಶದ ಜೆರ್ಸಿ ತೊಟ್ಟ ಕೂಡಲೇ ಮತ್ತೆ ನಡುವಿಗೆ. ಇದೊಂದೇ ವಿಷಯ ಸಾಕು, ಭಾರತಕ್ಕೆ ಮುಂದಿನ ಸ್ಟ್ರೈಕರ್ ಯಾಕೆ ಸಿಗುತ್ತಿಲ್ಲ ಅಂತ ಅರ್ಥವಾಗಲು: ಎಲ್ಲ ಕ್ಲಬ್‌ಗಳೂ ಆ ಜಾಗವನ್ನು ವಿದೇಶಿಯರಿಗೇ ಕೊಟ್ಟರೆ ನಮ್ಮ ಹುಡುಗ ಅದನ್ನು ಕಲಿಯುವುದು ಎಲ್ಲಿ?

2,569 ಜನ

2018ರ ಜೂನ್ 1, ಮುಂಬೈ, ಇಂಟರ್‌ಕಾಂಟಿನೆಂಟಲ್ ಕಪ್. ಚೈನೀಸ್ ತೈಪೆ ವಿರುದ್ಧ ಭಾರತ 5-0, ಛೆಟ್ರಿ ಹ್ಯಾಟ್ರಿಕ್. ಬಂದಿದ್ದ ಪ್ರೇಕ್ಷಕರು 2,569. ಮರುದಿನ ಛೆಟ್ರಿ ಒಂದು ವಿಡಿಯೊ ಹಾಕಿದರು. ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬನ್ನಿ ಅನ್ನುವುದು ಅದರ ಸಾರ. ಕ್ಯಾಪ್ಟನ್ ಕೈಮುಗಿದು ಕೇಳುವಂತಾಯಿತಲ್ಲ ಅಂತ ನನಗೆ ಆಗ ನಾಚಿಕೆಯಾಗಿತ್ತು. ಜೂನ್ 4ಕ್ಕೆ ಕೀನ್ಯಾ ಪಂದ್ಯ, ಅದು ಅವರ 100ನೇ ಅಂತರರಾಷ್ಟ್ರೀಯ ಪಂದ್ಯ. ಟಿಕೆಟ್ ಪೂರ್ತಿ ಖಾಲಿ, ಸುರಿಯುವ ಮಳೆ, 3-0 ಗೆಲುವು, ಅದರಲ್ಲಿ 2 ಇವರದು. ಫೈನಲ್‌ನಲ್ಲಿ ಮತ್ತೆ ಕೀನ್ಯಾ ವಿರುದ್ಧ 2-0, ಎರಡೂ ಇವರದೇ. ಒಟ್ಟು 64 ಆಗಿ ಆ ಹೊತ್ತಿಗೆ ಮೆಸ್ಸಿಯ ಲೆಕ್ಕಕ್ಕೆ ಸಮ ಬಂತು.

ನನ್ನ ಪ್ರಕಾರ ಅದಕ್ಕಿಂತ ತೂಕದ್ದು 2019ರ ಜನವರಿ 6. ಅಬುಧಾಬಿ, ಏಷ್ಯನ್ ಕಪ್, ಥಾಯ್ಲೆಂಡ್ ವಿರುದ್ಧ 4-1. ಛೆಟ್ರಿ 2. ಏಷ್ಯನ್ ಕಪ್‌ನಲ್ಲಿ ಭಾರತ ಪಂದ್ಯ ಗೆದ್ದಿದ್ದು 1964ರ ನಂತರ ಅದೇ ಮೊದಲು, ಮರುದಿನ ಥಾಯ್ಲೆಂಡ್ ತನ್ನ ಕೋಚನ್ನೇ ಮನೆಗೆ ಕಳಿಸಿತು. ಮುಂದಿನ ಎರಡು ಪಂದ್ಯ ಸೋತು ನಾವೂ ಹೊರಬಿದ್ದೆವು, ಕೊನೆಯದರಲ್ಲಿ ಬಹ್ರೇನ್‌ಗೆ ಪೆನಾಲ್ಟಿ ಸಿಕ್ಕಿದ್ದು 90 ನಿಮಿಷ ಮುಗಿದ ಮೇಲೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಂಠೀರವದ ಮಳೆ

2023ರ ಜೂನ್ 21, ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಚಾಂಪಿಯನ್‌ಶಿಪ್, ಭಾರತ-ಪಾಕಿಸ್ತಾನ. ನಾನು ಅಲ್ಲಿದ್ದೆ, ಪ್ಲಾಸ್ಟಿಕ್ ಕವರ್ ತಲೆಗೆ ಸುತ್ತಿಕೊಂಡು. ಭಾರತ 4-0, ಛೆಟ್ರಿ ಹ್ಯಾಟ್ರಿಕ್, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರ ನಾಲ್ಕನೆಯದು. ತಜಿಕಿಸ್ತಾನ, ವಿಯೆಟ್ನಾಂ, ಚೈನೀಸ್ ತೈಪೆ, ಪಾಕಿಸ್ತಾನ ಅಂತ ಈ ಕ್ರಮದಲ್ಲೇ ನೆನಪಿಡಿ.

ಈಗ ಈ 3 ಗೋಲುಗಳನ್ನು ಬಿಡಿಸಿ ನೋಡಿ. ಮೊದಲನೆಯದರಲ್ಲಿ ಪಾಕಿಸ್ತಾನದ ಕೀಪರ್ ಹಿಂದಕ್ಕೆ ಬಂದ ಪಾಸನ್ನು ಸರಿಯಾಗಿ ಒದೆಯಲು ಆಗದೆ ತಡಬಡಿಸಿದ, ಛೆಟ್ರಿ ಆಗಲೇ ಅವನ ಮೇಲೆ ಓಡಿಬಂದಿದ್ದರು. ಉಳಿದ ಎರಡೂ ಪೆನಾಲ್ಟಿ. ವೀಸಾ ತಡವಾಗಿ ಪಾಕಿಸ್ತಾನದ ಆಟಗಾರರು ಬೆಂಗಳೂರಿಗೆ ಬಂದಿಳಿದದ್ದೇ ಪಂದ್ಯದ ದಿನ, ನಿದ್ದೆಗೆಟ್ಟ ಕಾಲುಗಳು. ಹಾಗಾಗಿ ದೆಹಲಿಯ ಹ್ಯಾಟ್ರಿಕ್ ಮತ್ತು ಬೆಂಗಳೂರಿನ ಹ್ಯಾಟ್ರಿಕ್ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿದ್ದರೂ ತೂಕ ಒಂದೇ ಅಲ್ಲ. ಹಾಗಂತ ಮೊದಲನೇ ಗೋಲನ್ನು ಸುಮ್ನೆ ಅದೃಷ್ಟ ಅನ್ನಲೂ ಆಗುವುದಿಲ್ಲ. ಮಳೆಯಲ್ಲಿ ಒದ್ದೆಯಾದ ನೆಲದಲ್ಲಿ, 38 ವರ್ಷದವರು, ಹತ್ತರಲ್ಲಿ ಒಂಬತ್ತು ಸಲ ದಂಡವಾಗುವ ಆ ಓಟವನ್ನು 10ನೇ ನಿಮಿಷದಲ್ಲಿ ಓಡಿದ್ದಕ್ಕೇ ಗೋಲು ಸಿಕ್ಕಿದ್ದು.

ನೇಪಾಳ, ಮಾಲ್ಡೀವ್ಸ್‌ನಂಥ ನೆರೆಯವರ ಮೇಲೆ ಗೋಲು ಹೊಡೆದು ಮೆಸ್ಸಿ ಜೊತೆ ಹೋಲಿಸುತ್ತಾರೆ ಅಂತ ಆಡಿಕೊಳ್ಳುವವರಿದ್ದಾರೆ. ಅರ್ಧ ನಿಜ. 2021ರಲ್ಲಿ 80ನೇ ಗೋಲು ಬಂದಿದ್ದು ನೇಪಾಳದ ವಿರುದ್ಧದ ಸ್ಯಾಫ್ ಫೈನಲ್‌ನಲ್ಲೇ. ಭಾರತದ ಎದುರು ಯಾರು ಆಡುತ್ತಾರೋ ಅವರ ಮೇಲೆ ತಾನೇ ಹೊಡೆಯಬೇಕು? ಮೆಸ್ಸಿಗೆ ಪಾಸ್ ಕೊಡುವವರು ಯಾರು, ಇವರಿಗೆ ಕೊಟ್ಟವರು ಯಾರು ಅಂತಲೂ ಕೇಳಬೇಕಲ್ಲ. ಹೋಲಿಕೆಯನ್ನು ಬಿಟ್ಟು ಎದುರಾಳಿ, ಟೂರ್ನಿ, ಆ ಗೋಲಿನಿಂದ ಏನಾಯಿತು ಅಂತ ಮೂರು ಕಾಲಂ ಹಾಕಿ ಬರೆದುಕೊಳ್ಳಿ, ವಾದ ತಾನೇ ಮುಗಿಯುತ್ತದೆ.

ಪ್ರಶಸ್ತಿಗಳು ಒಂದು ಸಾಲಿಗೆ ಸಾಕು: ಅರ್ಜುನ 2011, ಪದ್ಮಶ್ರೀ 2019, ಖೇಲ್ ರತ್ನ 2021. ಖೇಲ್ ರತ್ನ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಇವರು, ಪರೀಕ್ಷೆಯಲ್ಲಿ ಕೇಳಿದರೆ ಕೇಳುವುದು ಇದನ್ನೇ.

2024ರ ಮಾರ್ಚ್ 26, ಗುವಾಹಟಿ, 150ನೇ ಪಂದ್ಯ, ಅಫ್ಘಾನಿಸ್ತಾನದ ವಿರುದ್ಧ ಪೆನಾಲ್ಟಿಯಲ್ಲಿ ಒಂದು ಗೋಲು, ಆದರೂ ಸೋಲು 2-1. ಜೂನ್ 6ರಂದು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ವಿದಾಯದ ಪಂದ್ಯ, 0-0. ಅಲ್ಲಿಗೆ 151 ಪಂದ್ಯ, 94 ಗೋಲು. ನನ್ನ ನೋಟ್‌ಬುಕ್ ನಿಂತಿದ್ದು ಅಲ್ಲೇ.

ಆದರೆ ಅವರು ನಿಲ್ಲಲಿಲ್ಲ. ಕ್ಲಬ್‌ಗೆ ಆಡುತ್ತಲೇ ಇದ್ದರು, 2024ರ ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಕಂಠೀರವದಲ್ಲಿ 40ನೇ ವಯಸ್ಸಿಗೆ ಹ್ಯಾಟ್ರಿಕ್ ಹೊಡೆದರು, ಆ ಐಎಸ್‌ಎಲ್ ಸೀಸನ್‌ನಲ್ಲಿ 14 ಗೋಲು. ಅತ್ತ ರಾಷ್ಟ್ರೀಯ ತಂಡಕ್ಕೆ ಗೆಲುವೇ ಇಲ್ಲ, ಗೋಲು ಹೊಡೆಯುವವರೂ ಇಲ್ಲ. ಕೋಚ್ ಮನೋಲೊ ಮಾರ್ಕ್ವೆಝ್ ಕರೆದರು, ಇವರು 2025ರ ಮಾರ್ಚ್‌ನಲ್ಲಿ ಮರಳಿದರು. ಮಾರ್ಚ್ 19, ಶಿಲ್ಲಾಂಗ್, ಎದುರಾಳಿ ಮಾಲ್ಡೀವ್ಸ್. 76ನೇ ನಿಮಿಷದಲ್ಲಿ ಎಡಗಡೆಯಿಂದ ಲಿಸ್ಟನ್ ಕೊಲಾಸೊ ಚೆಂಡು ಎತ್ತಿ ಕಳಿಸಿದರು, ಮತ್ತದೇ ಹಳೆಯ ಹೆಡರ್. 3-0. ನಿಮ್ಮ ಗೈಡ್‌ನಲ್ಲಿ ಇನ್ನೂ 94 ಅಂತಲೇ ಇದ್ದರೆ ಪೆನ್ಸಿಲ್ ತೆಗೆದು 95 ಮಾಡಿಕೊಳ್ಳಿ, ಪಕ್ಕದಲ್ಲಿ ಶಿಲ್ಲಾಂಗ್ ಅಂತಲೂ ಬರೆಯಿರಿ.