ಎದೆಯಲ್ಲಿ ಕರುಳಿನ ಸದ್ದು

ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಎಳೆಯುತ್ತಲೇ ನಲವತ್ತು ದಾಟಿದವರೊಬ್ಬರು ನನ್ನ ಬಳಿ ಬಂದಿದ್ದರು. ಹೊಟ್ಟೆ ತುಂಬ ಗಂಜಿ ಉಂಡು ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ಗ್ಯಾಸ್ ಎಂದುಕೊಂಡು ವರ್ಷಗಟ್ಟಲೆ ಜೀರಿಗೆ ಕಷಾಯ ಕುಡಿಸಿದ್ದರು. ಬೆನ್ನಿನ ಎಡಭಾಗಕ್ಕೆ ಸ್ಟೆತಸ್ಕೋಪ್ ಇಟ್ಟೆ. ಉಸಿರಿನ ಸದ್ದು ಇರಬೇಕಾದಲ್ಲಿ ಗುಡುಗುಡು ಎಂದು ಕರುಳು ಸದ್ದು ಮಾಡುತ್ತಿತ್ತು.

ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯೇ ವಪೆ. ಗರ್ಭದಲ್ಲಿ ಸುಮಾರು ಎಂಟನೆಯ ವಾರಕ್ಕೆ ಅದರ ಹಿಂಬದಿಯ ಕಿಂಡಿಗಳು ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಕರುಳು ಎದೆಗೆ ಏರುತ್ತದೆ. ಪ್ರಾಗ್‌ನ ಅಂಗರಚನಾ ತಜ್ಞ ಬೊಕ್ಡಲೆಕ್ 1848ರಲ್ಲಿ ವರ್ಣಿಸಿದ ಈ ಹರ್ನಿಯಾ ಹೆಚ್ಚಾಗಿ ಎಡಕ್ಕೇ ಬರುತ್ತದೆ. ಬಲಗಡೆ ಯಕೃತ್ತು ಅಡ್ಡ ನಿಂತಿರುತ್ತದೆ. ಬಹುತೇಕ ಮಕ್ಕಳಲ್ಲಿ ಹುಟ್ಟುವ ಮೊದಲೋ ಹುಟ್ಟಿದ ಕೂಡಲೋ ಇದು ತಿಳಿಯುತ್ತದೆ. ಕಿಂಡಿ ಚಿಕ್ಕದಿದ್ದವರು ಮಾತ್ರ ಏನೂ ಅರಿಯದೆ ದೊಡ್ಡವರಾಗುತ್ತಾರೆ. ಮುಂದೆಂದೋ ಭಾರ ಎತ್ತುವಾಗ, ಬಸಿರಿನಲ್ಲಿ, ಬಿಡದ ಕೆಮ್ಮಿನಲ್ಲಿ ಹೊಟ್ಟೆಯ ಒತ್ತಡ ಏರಿ ಕರುಳು ಮೇಲೆ ಜಾರಬಹುದು.

ನನಗೆ ಹೆಚ್ಚು ಭಯವಿರುವುದು ಎಕ್ಸ್‌ರೇ ಓದುವಾಗ. ಎದೆಗೆ ಏರಿದ ಜಠರ ಗಾಳಿ ತುಂಬಿ ಉಬ್ಬಿದ್ದರೆ, ಶ್ವಾಸಕೋಶದ ಸುತ್ತ ಗಾಳಿ ಸೇರಿದಂತೆಯೇ ಕಾಣುತ್ತದೆ. ಅದನ್ನು ನಂಬಿ ಎದೆಗೆ ನಳಿಕೆ ಚುಚ್ಚಿದರೆ ತೂತಾಗುವುದು ಜಠರ. ಜೊಯಿಡಾದ ಹಳ್ಳಿಯಿಂದ ಸಿ.ಟಿ. ಸ್ಕ್ಯಾನ್‌ಗೆ ಘಟ್ಟ ಇಳಿದು ಬರುವ ಕಷ್ಟ ನನಗೆ ಗೊತ್ತು. ಆದರೂ ಅನುಮಾನವಿದ್ದಲ್ಲಿ, ಉಸಿರಿಗೆ ತತ್‌ಕ್ಷಣದ ಅಪಾಯವಿಲ್ಲದಿದ್ದರೆ, ಮೊದಲು ಸ್ಕ್ಯಾನ್ ಆಗಲೇಬೇಕು.

ಈ ಕಿಂಡಿ ಮುಚ್ಚಲು ಹಿಂದೆ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ಯುತ್ತಿದ್ದರು. ಆ ನೋವಿಗೆ ಹೆದರಿ ರೋಗಿ ಕೆಮ್ಮುತ್ತಲೇ ಇರಲಿಲ್ಲ, ಕಫ ಕಟ್ಟಿ ನ್ಯುಮೋನಿಯಾ ಆಗುತ್ತಿತ್ತು. ಲ್ಯಾಪರೋಸ್ಕೋಪಿಯಲ್ಲಿ 5ರಿಂದ 10 ಮಿಲಿಮೀಟರಿನ ನಾಲ್ಕೈದು ರಂಧ್ರಗಳು ಸಾಕು. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಕ್ಯಾಮೆರಾ ಇಳಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ: ಆ ಅನಿಲ ಅದೇ ಕಿಂಡಿಯಿಂದ ಎದೆಗೆ ನುಗ್ಗಿ ಶ್ವಾಸಕೋಶವನ್ನು ಅದುಮಬಹುದು. ಹಾಗಾಗಿ ಒತ್ತಡವನ್ನು ಆದಷ್ಟು ಕಡಿಮೆ ಇಡುತ್ತಾರೆ; ಅರಿವಳಿಕೆ ತಜ್ಞರು ಮಾನಿಟರ್‌ನಿಂದ ಕಣ್ಣು ಕೀಳುವುದಿಲ್ಲ. ಕರುಳನ್ನು ಮೆಲ್ಲನೆ ಕೆಳಗೆಳೆದು, ಕರಗದ ದಾರದಿಂದ ಕಿಂಡಿ ಹೊಲಿಯುತ್ತಾರೆ. ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತಿದ್ದರೆ ಅನೇಕ ವೇಳೆ ಹಳೆಯ ರೀತಿಯಲ್ಲೇ ಕೊಯ್ಯಬೇಕಾಗುತ್ತದೆ.

ವಪೆ ದಿನಕ್ಕೆ ಸುಮಾರು 20,000 ಸಲ ಏರಿಳಿಯುತ್ತದೆ. ಬಿಗಿದು ಹೊಲಿದರೆ ಹರಿಯುತ್ತದೆ. ಆದ್ದರಿಂದ ದೊಡ್ಡ ಕಿಂಡಿಗೆ ಮೆಶ್ ಎಂಬ ಜಾಳಿಗೆ ಹಾಕುತ್ತಾರೆ. ಕರುಳು ಅಂಟಿಕೊಳ್ಳದಂತೆ ಅದರ ಒಂದು ಮುಖಕ್ಕೆ ಲೇಪವಿರುತ್ತದೆ.

ಇದನ್ನು ವಿವರಿಸಿ ಅಂಥದೊಂದು ತುಂಡನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಎರಡು ಕಡೆಗೂ ಎಳೆದು ನೋಡಿ ಕೇಳಿದರು: “ಕಣ್ಣು ಇಷ್ಟು ಸಣ್ಣದೇ, ಡಾಕ್ಟರೇ? ಅಂಚಿಗೆ ಗಂಟು ಯಾರು ಹಾಕುತ್ತಾರೆ?”