ಇಡಿಗಂಟು 17 ಲಕ್ಷ: ವಿಆರ್‌ಎಸ್ ಕಾಗದಕ್ಕೆ ಸಹಿ ಹಾಕಲೇ, ಬೇಡವೇ?

ಪ್ರಶ್ನೆ: ನನಗೆ 49 ವರ್ಷ. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಒಂದು ಫೌಂಡ್ರಿಯ ಮಷಿನ್ ಶಾಪ್‌ನಲ್ಲಿ 22 ವರ್ಷ 7 ತಿಂಗಳಿನಿಂದ ಆಪರೇಟರ್ ಆಗಿದ್ದೇನೆ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 21,000 ರೂಪಾಯಿ, ಒಟ್ಟು ಸಂಬಳ 31,000, ಕೈಗೆ ಬರುವುದು 28,000. ಆರ್ಡರ್ ಕಡಿಮೆಯಾಗಿದೆ ಎಂದು ಕಂಪನಿ ವಿಆರ್‌ಎಸ್ (ಸ್ವಯಂ ನಿವೃತ್ತಿ ಯೋಜನೆ) ತಂದಿದೆ. ನನಗೆ ಒಟ್ಟು 17 ಲಕ್ಷ ಬರುತ್ತದೆ ಎಂದು ಚೀಟಿ ಕೊಟ್ಟಿದ್ದಾರೆ. 30 ದಿನದೊಳಗೆ ಹೇಳಬೇಕಂತೆ. ಮನೆ ಸಾಲ 4 ಲಕ್ಷ ಬಾಕಿ ಇದೆ, ಕಂತು 9,000. ಕಂತು ಬಿಟ್ಟು ಮನೆ ಖರ್ಚು 15,000. ಬಿಎಸ್‌ಎನ್‌ಎಲ್‌ನ ಪರಿಚಯದವರೊಬ್ಬರು ವಿಆರ್‌ಎಸ್ ತಗೊಂಡು ಆರಾಮಾಗಿದ್ದಾರೆ. ಮಗಳು ಸೆಕೆಂಡ್ ಪಿಯುಸಿ. ತೀರ್ಥಹಳ್ಳಿ ಕಡೆ ಒಂದು ಎಕರೆ ಅಡಿಕೆ ತೋಟವಿದೆ, ತಮ್ಮ ನೋಡಿಕೊಳ್ಳುತ್ತಾನೆ. ಈ ದುಡ್ಡಲ್ಲಿ ಇನ್ನಷ್ಟು ತೋಟ ತಗೊಂಡು ಊರಿಗೇ ಹೋಗೋಣ ಅಂತ ಮನೆಯಲ್ಲಿ ಮಾತು. ಏನು ಮಾಡಲಿ?

ಉತ್ತರ: ಮೊದಲು ಆ 17 ಲಕ್ಷವನ್ನು ಬಿಡಿಸಿ ನೋಡೋಣ. ನೀವು ಕಳಿಸಿದ ಚೀಟಿಯಲ್ಲಿ ಪಿಎಫ್ 6.80 ಲಕ್ಷ, ಗ್ರಾಚ್ಯುಟಿ (ದೀರ್ಘ ಸೇವೆಗೆ ಕಾನೂನಿನಂತೆ ಸಿಗುವ ಹಣ) 2.79 ಲಕ್ಷ, ಉಳಿದ ರಜೆಯ ಹಣ 48 ಸಾವಿರ ಇದೆ. ಈ ಮೂರೂ ನೀವು ಈಗಾಗಲೇ ದುಡಿದಿಟ್ಟದ್ದು. ನಾಳೆ ಸುಮ್ನೆ ರಾಜೀನಾಮೆ ಕೊಟ್ಟರೂ ಪಿಎಫ್, ಗ್ರಾಚ್ಯುಟಿ ನಿಮ್ಮವೇ. ರಜೆಯ ಹಣವೂ ಕಂಪನಿಯ ನಿಯಮದ ಪ್ರಕಾರ ಬರುತ್ತದೆ. ಕೆಲಸ ಬಿಡುವುದಕ್ಕೆಂದು ಕಂಪನಿ ಹೊಸದಾಗಿ ಕೊಡುತ್ತಿರುವುದು ಒಂದೇ ಒಂದು ಬಾಬ್ತು: ಸೇವೆಯ ಪ್ರತಿ ವರ್ಷಕ್ಕೆ 45 ದಿನದ ಬೇಸಿಕ್ ಮತ್ತು ಡಿಎ. 22 ವರ್ಷಕ್ಕೆ ಅದು 6.93 ಲಕ್ಷ.

ಹಾಗಾಗಿ ನಿಮ್ಮ ಮುಂದಿರುವ ಆಫರ್ 17 ಲಕ್ಷದ್ದಲ್ಲ, ಸುಮಾರು 7 ಲಕ್ಷದ್ದು. ಕೈಗೆ ಬರುವ ಸಂಬಳದ ಲೆಕ್ಕದಲ್ಲಿ ಇದು ಎರಡು ವರ್ಷದ ದುಡ್ಡು. 58ಕ್ಕೆ ನಿವೃತ್ತಿ ಎಂದರೆ ನಿಮಗೆ ಇನ್ನೂ 9 ವರ್ಷದ ನೌಕರಿ ಇದೆ. ಚೀಟಿಯಲ್ಲಿ ಎಲ್ಲವನ್ನೂ ಕೂಡಿಸಿ ದೊಡ್ಡ ಅಂಕಿ ತೋರಿಸುವುದು ಎಚ್‌ಆರ್‌ನವರ ಹಳೆಯ ಅಭ್ಯಾಸ. ಸುಳ್ಳೇನೂ ಅಲ್ಲ, ಆದರೆ ಆ ಅಂಕಿ ಇಟ್ಟುಕೊಂಡು ತೀರ್ಮಾನ ಮಾಡಬಾರದು.

ಗ್ರಾಚ್ಯುಟಿ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆರು ತಿಂಗಳು ಮೀರಿದ್ದರೆ ಪೂರ್ತಿ ವರ್ಷ ಎಂದೇ ಲೆಕ್ಕ, ಆದ್ದರಿಂದ ನಿಮಗೆ 23 ವರ್ಷ. ಚೀಟಿಯ ಮೊತ್ತ ತಾಳೆಯಾಗುತ್ತದೆ. ಆದರೆ ವಿಆರ್‌ಎಸ್ ಹಣಕ್ಕೆ ಮಾತ್ರ 22 ಹಿಡಿದಿದ್ದಾರೆ. ಅದು ಯೋಜನೆಯಲ್ಲಿ ಹೇಗೆ ಬರೆದಿದೆಯೋ ಹಾಗೆ. ಕೇಳಿ ನೋಡುವುದರಲ್ಲಿ ತಪ್ಪಿಲ್ಲ, ಒಂದು ವರ್ಷ ಎಂದರೆ 31,500 ರೂಪಾಯಿ.

ಈಗ ಇನ್ನೊಂದು ಕಡೆ. ಬೇಡ ಎಂದರೆ ಏನಾಗಬಹುದು? ‘ಈಗ ತಗೊಳ್ಳದಿದ್ದರೆ ನಾಳೆ ಬರಿಗೈಲಿ ಕಳಿಸ್ತಾರೆ’ ಎಂದು ಕ್ಯಾಂಟೀನಿನಲ್ಲಿ ಹೇಳುವವರು ಇದ್ದೇ ಇರುತ್ತಾರೆ. ಅದು ನಿಜವಲ್ಲ. ಕೆಲಸ ಇಲ್ಲವೆಂದು ಕಂಪನಿಯೇ ತೆಗೆದರೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳವನ್ನು ಪರಿಹಾರವಾಗಿ ಕೊಡಲೇಬೇಕು. ನಿಮ್ಮ ಲೆಕ್ಕದಲ್ಲಿ ಅದು ಮೂರೂವರೆ ಲಕ್ಷದ ಆಸುಪಾಸು. ಗ್ರಾಚ್ಯುಟಿ ಬೇರೆ. ಅಂದರೆ ವಿಆರ್‌ಎಸ್‌ನಲ್ಲಿ ಸಿಗುವುದು ಕಾನೂನಿನ ಕನಿಷ್ಠಕ್ಕಿಂತ ಸುಮಾರು ಎರಡರಷ್ಟು. ಕೆಟ್ಟ ಆಫರ್ ಎನ್ನಲು ಬರುವುದಿಲ್ಲ.

ಆದರೆ ಯಾರನ್ನು ಮೊದಲು ತೆಗೆಯಬೇಕು ಎಂಬುದಕ್ಕೂ ಕಾನೂನಿದೆ. ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಸೇರಿದವರು ಮೊದಲು ಹೊರಗೆ ಹೋಗಬೇಕು. ಅದನ್ನು ಮೀರಬೇಕಾದರೆ ಕಂಪನಿ ಕಾರಣ ಬರೆದಿಡಬೇಕು. 22 ವರ್ಷ ಆದವರ ಸರದಿ ಕೊನೆಗೆ ಬರುತ್ತದೆ. ಹಳಬರಿಗೆ ಸಂಬಳ ಜಾಸ್ತಿ, ಅವರನ್ನೇ ತೆಗೆಯುವುದು ಕಷ್ಟ. ಅದಕ್ಕೇ ಸಾಮಾನ್ಯವಾಗಿ ವಿಆರ್‌ಎಸ್ ಹುಟ್ಟುವುದು. ನಿಮ್ಮ ಸೇವಾ ಹಿರಿತನಕ್ಕೆ ಬೆಲೆ ಇದೆ ಎಂದು ಕಂಪನಿಗೂ ಗೊತ್ತು.

ಇಲ್ಲೊಂದು ಬದಲಾವಣೆ ಗಮನಿಸಿ. ಮೊದಲು 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಯಾರನ್ನಾದರೂ ಹೀಗೆ ತೆಗೆಯಲು ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಗಡಿ 300ಕ್ಕೆ ಏರಿದೆ. ನಿಮ್ಮ ಫೌಂಡ್ರಿಯಲ್ಲಿ ಅದಕ್ಕಿಂತ ಕಡಿಮೆ ಜನ ಇದ್ದರೆ ಕಂಪನಿಯ ದಾರಿ ಮೊದಲಿಗಿಂತ ಸಲೀಸು.

ಅಂದಮೇಲೆ ಮುಖ್ಯ ಪ್ರಶ್ನೆ ಕಾರ್ಖಾನೆಯ ಆರೋಗ್ಯದ್ದು. ಇದನ್ನು ನಿಮ್ಮಷ್ಟು ಚೆನ್ನಾಗಿ ಯಾವ ಸಲಹೆಗಾರನೂ ಹೇಳಲಾರ. ಮೂರು ಶಿಫ್ಟ್ ಒಂದಾಗಿದೆಯೇ? ಕೆಟ್ಟ ಮಷಿನ್ ರಿಪೇರಿ ಆಗುತ್ತಿದೆಯೇ, ಇಲ್ಲ ಮೂಲೆಗೆ ಸೇರುತ್ತಿದೆಯೇ? ಸ್ಕ್ರ್ಯಾಪ್, ಮರಳು, ಕೋಕ್ ತರುವ ಲಾರಿಯವರಿಗೆ ಬಿಲ್ ಸರಿಯಾಗಿ ಸಿಗುತ್ತಿದೆಯೇ? ಪಿಎಫ್ ಪ್ರತಿ ತಿಂಗಳು ಕಟ್ಟುತ್ತಿದ್ದಾರಾ? ಇದನ್ನು ಮೊಬೈಲಿನಲ್ಲೇ ಪಾಸ್‌ಬುಕ್ ತೆರೆದು ನೋಡಬಹುದು. ಪಿಎಫ್ ಎರಡು ಮೂರು ತಿಂಗಳು ತಡವಾಗುತ್ತಿದ್ದರೆ ನನ್ನ ಸಲಹೆ ಬೇರೆ: ದುಡ್ಡು ಕೊಡುವ ಶಕ್ತಿ ಇರುವಾಗಲೇ ತೆಗೆದುಕೊಂಡು ಹೊರಡಿ. ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) 1936ರಲ್ಲಿ ಶುರುವಾದ ಕಾರ್ಖಾನೆ, 2015ರಲ್ಲಿ ಉತ್ಪಾದನೆ ನಿಂತಿತು. ‘ಇದೆಲ್ಲಿ ಮುಚ್ಚುತ್ತೆ’ ಎನ್ನುವ ಧೈರ್ಯ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಇರಬಾರದು.

ಬಿಎಸ್‌ಎನ್‌ಎಲ್‌ನ ಯಾರೋ ಪರಿಚಯದವರು ವಿಆರ್‌ಎಸ್ ತಗೊಂಡು ಆರಾಮಾಗಿದ್ದಾರೆ ಎಂದು ಬರೆದಿದ್ದೀರಿ. 2020ರ ಜನವರಿ ಕೊನೆಗೆ ಅಲ್ಲಿ 78 ಸಾವಿರಕ್ಕೂ ಹೆಚ್ಚು ಜನ ಹಾಗೆ ಹೊರಬಂದರು. ಎಲ್ಲರೂ 50 ದಾಟಿದವರು. ಆದ ಸೇವೆಗೆ ವರ್ಷಕ್ಕೆ 35 ದಿನ, ಉಳಿದ ಸೇವೆಗೆ ವರ್ಷಕ್ಕೆ 25 ದಿನದ ಸಂಬಳ ಎಂಬ ಲೆಕ್ಕವಿತ್ತು. ಅದಕ್ಕಿಂತ ದೊಡ್ಡ ವಿಷಯ, ಅವರಲ್ಲಿ ಹೆಚ್ಚಿನವರಿಗೆ ಸರ್ಕಾರಿ ಪಿಂಚಣಿ ಇತ್ತು. ನಿಮಗಿರುವುದು ಪಿಎಫ್ ಜೊತೆಗಿನ ಇಪಿಎಸ್ ಪಿಂಚಣಿ. ಅದು ಪೂರ್ತಿ ಸಿಗುವುದು 58ಕ್ಕೆ, ಮೊತ್ತವೂ ಸಣ್ಣದು. 50ಕ್ಕೇ ಬೇಕೆಂದರೆ ಮುಂಚಿನ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತ, ಅದೂ ಜೀವನಪೂರ್ತಿ. ಆ ಆಸೆಗೆ ಬೀಳಬೇಡಿ. ಅವರ ಕಥೆ ನಿಮಗೆ ಹೊಂದುವುದಿಲ್ಲ.

ತೆರಿಗೆಯ ಚಿಂತೆ ನಿಮಗೆ ಹೆಚ್ಚಿಲ್ಲ. ನಿಯಮದ ಪ್ರಕಾರ ನಡೆದ ವಿಆರ್‌ಎಸ್ ಹಣದಲ್ಲಿ 5 ಲಕ್ಷದವರೆಗೆ ತೆರಿಗೆ ಇಲ್ಲ, ಆದರೆ ಆಯುಷ್ಯದಲ್ಲಿ ಒಂದೇ ಸಲ. ಉಳಿದ 1.93 ಲಕ್ಷ ಆ ವರ್ಷದ ಸಂಬಳಕ್ಕೆ ಸೇರಿದರೂ ಹೊಸ ತೆರಿಗೆ ಪದ್ಧತಿಯ 12 ಲಕ್ಷದ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಒಂದು ಷರತ್ತು ಮಾತ್ರ ನೆನಪಿಡಿ: ಹೀಗೆ ಬಿಟ್ಟವರನ್ನು ಅದೇ ಆಡಳಿತದ ಇನ್ನೊಂದು ಕಂಪನಿಯಲ್ಲಿ ಸೇರಿಸಿಕೊಳ್ಳುವಂತಿಲ್ಲ. ‘ವಿಆರ್‌ಎಸ್ ತಗೊಳ್ಳಿ, ಆಮೇಲೆ ಕಾಂಟ್ರಾಕ್ಟ್‌ನಲ್ಲಿ ವಾಪಸ್ ಕರ್ಕೋತೀವಿ’ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಅದನ್ನು ನಂಬಿ ಸಹಿ ಹಾಕಬೇಡಿ.

ಇನ್ನು ತಿಂಗಳ ಲೆಕ್ಕ. ಪಿಎಫ್ ಮುಟ್ಟಬೇಡಿ, ಕೆಲಸ ಬಿಟ್ಟರೂ 58ರವರೆಗೆ ಅದಕ್ಕೆ ಬಡ್ಡಿ ಬರುತ್ತದೆ. ಶೇ 8.25ರ ದರವೇ ಉಳಿದರೆ 9 ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬಿಟ್ಟ ಮೇಲಿನ ಬಡ್ಡಿಯನ್ನು ಆದಾಯದಲ್ಲಿ ತೋರಿಸಬೇಕು, ಅಷ್ಟೇ. ಉಳಿಯುವುದು 10.20 ಲಕ್ಷ. ಮನೆ ಸಾಲ ತೀರಿಸಿ, 6.20 ಲಕ್ಷ ಕೈಲಿರುತ್ತದೆ. ಅದನ್ನು ಶೇ 7ರ ಠೇವಣಿಯಲ್ಲಿಟ್ಟರೆ ತಿಂಗಳಿಗೆ 3,600 ರೂಪಾಯಿ. ನಿಮ್ಮ ಮನೆ ಖರ್ಚು ಕಂತು ಬಿಟ್ಟು 15,000 ಎಂದಿದ್ದೀರಿ. ಅಂದರೆ ಇನ್ನೂ ಹನ್ನೊಂದು ಹನ್ನೆರಡು ಸಾವಿರ ಪ್ರತಿ ತಿಂಗಳೂ ದುಡಿಯಬೇಕು. ಇದರಲ್ಲಿ ಮಗಳ ಕಾಲೇಜು ಫೀಸು ಸೇರಿಲ್ಲ. ಕಂಪನಿಯ ಆರೋಗ್ಯ ವಿಮೆ ಅವತ್ತೇ ನಿಲ್ಲುತ್ತದೆ, ಸ್ವಂತ ಪಾಲಿಸಿಯ ಪ್ರೀಮಿಯಂ ಕೂಡ ಸೇರಿಲ್ಲ. ಪಾಲಿಸಿಯನ್ನು ಕೆಲಸದಲ್ಲಿರುವಾಗಲೇ ಮಾಡಿಸಿ, ಶುಗರ್ ಬಿಪಿಯಂಥ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸುತ್ತಾರೆ.

ತೋಟದ ಮಾತಿಗೆ ಬರುತ್ತೇನೆ. ಮಲೆನಾಡಿನಲ್ಲಿ ಯಾರ ಕೈಗೆ ಇಡಿಗಂಟು ಬಂದರೂ ಮೊದಲು ಬರುವ ಯೋಚನೆ ತೋಟದ್ದೇ. ನನಗೂ ಅಡಿಕೆ ಮೇಲೆ ಮಮತೆ ಇದೆ. ಆದರೆ ಹೊಸದಾಗಿ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು, ನಿಮ್ಮ ಕೈಲಿರುವುದು ಎರಡು ವರ್ಷದ ಸಂಬಳ. ಫಸಲು ಬರುವ ತೋಟ ಕೊಳ್ಳೋಣ ಎಂದರೆ 6 ಲಕ್ಷಕ್ಕೆ ಸಿಗುವ ತುಂಡು ಸಂಸಾರ ಸಾಕುವುದಿಲ್ಲ. ಜೊತೆಗೆ ಈಗ ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕಿ ರೋಗ. ಮಳೆಗಾಲದಲ್ಲಿ ಕೊಳೆ ರೋಗ ಹೇಗೂ ಇದೆ. ಬೋರ್ಡೋ ಔಷಧಿ ಹೊಡೆಯಲು, ಅಡಿಕೆ ಗೊನೆ ತೆಗೆಯಲು ಜನ ಸಿಗುವುದೇ ದೊಡ್ಡ ಕಥೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್‌ನಲ್ಲಿ ರಾಶಿ ಅಡಿಕೆಯ ದರ ಮೇಲಿರುವ ವರ್ಷದಲ್ಲೇ ತೋಟದ ಬೆಲೆಯೂ ಮೇಲಿರುತ್ತದೆ, ಅದನ್ನು ಮರೆಯಬೇಡಿ. ಇರುವ ಒಂದು ಎಕರೆಯಲ್ಲಿ ನಿಮ್ಮ ಪಾಲೆಷ್ಟು, ವರ್ಷಕ್ಕೆ ನಿಮಗೆ ಬರುವುದೆಷ್ಟು ಎಂದು ತಮ್ಮನ ಜೊತೆ ಕೂತು ಮೊದಲು ಮಾತಾಡಿ. ಮುಜುಗರದ ಮಾತು ನಿಜ. ನೀವು ದುಡ್ಡು ಹಿಡಿದು ಊರಿಗೆ ಹೋದ ಮೇಲೆ ಆಡಿದರೆ ಮುಜುಗರ ಇನ್ನೂ ಜಾಸ್ತಿ. ಕೈಗಡ ಕೇಳುವ ನೆಂಟರಿಗೂ ಅಷ್ಟೇ, ‘ಸಾಲಕ್ಕೆ ಹೋಯ್ತು’ ಎನ್ನಿ. ನಿಜವೂ ಹೌದು.

ನನ್ನ ಅಭಿಪ್ರಾಯ ಕೇಳಿದರೆ: ಪಿಎಫ್ ಸರಿಯಾಗಿ ಕಟ್ಟುತ್ತಿದ್ದರೆ, ಎರಡು ಶಿಫ್ಟ್ ಆದರೂ ನಡೆಯುತ್ತಿದ್ದರೆ ಈ ಸುತ್ತಿನಲ್ಲಿ ತೆಗೆದುಕೊಳ್ಳಬೇಡಿ. ಮುಂದಿನ ಸುತ್ತು ಇದಕ್ಕಿಂತ ಕಡಿಮೆ ಇರಬಹುದು, ಆ ರಿಸ್ಕ್ ಇದೆ. ಆದರೂ ಇನ್ನೆರಡು ವರ್ಷ ಸಂಬಳ ಬಂದರೆ ಅದೇ ಈ ಆಫರಿನಷ್ಟಾಯಿತು, ಮಗಳ ಓದೂ ಒಂದು ದಡ ಸೇರುತ್ತದೆ. ಒಂದು ವೇಳೆ ನಿಮ್ಮ ಕೈಕೆಲಸ ಗೊತ್ತಿರುವ ಬೇರೆ ವರ್ಕ್‌ಶಾಪ್‌ನವರು 15,000 ಕೊಟ್ಟು ಕರೆಯಲು ತಯಾರಿದ್ದರೆ ಲೆಕ್ಕ ತಿರುಗುತ್ತದೆ. ಆಗ ಧೈರ್ಯವಾಗಿ ಸಹಿ ಹಾಕಿ. ಆ ಮಾತನ್ನು ಈ 30 ದಿನದಲ್ಲೇ ಗಟ್ಟಿ ಮಾಡಿಕೊಳ್ಳಬೇಕು, ಬಿಟ್ಟ ಮೇಲೆ ಹುಡುಕುತ್ತೇನೆ ಎಂದಲ್ಲ.

ಸಹಿ ಹಾಕುವುದೇ ಆದರೆ ಯೋಜನೆಯ ಪೂರ್ತಿ ಕಾಗದ ಓದಿ. ಅರ್ಜಿ ವಾಪಸ್ ಪಡೆಯಲು ಎಷ್ಟು ದಿನ ಇದೆ, ಹಣ ಯಾವ ತಾರೀಕಿಗೆ, ಒಂದೇ ಕಂತೇ ಎಂಬುದು ಅದರಲ್ಲಿ ಬರಹದಲ್ಲಿರಬೇಕು. ಒಮ್ಮೆ ಹಣ ತೆಗೆದುಕೊಂಡ ಮೇಲೆ ಹಳೆಯ ಸಂಬಳ ಪರಿಷ್ಕರಣೆ ಎಂದೆಲ್ಲ ಕೇಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಬಾಕಿ ಬೋನಸ್, ಓಟಿ ಇದ್ದರೆ ಮೊದಲೇ ಬರೆಸಿಕೊಳ್ಳಿ. ಬಲವಂತ ಮಾಡಿದರೆ ಸಹಿ ಹಾಕದೆ ಶಿವಮೊಗ್ಗದ ಕಾರ್ಮಿಕ ಇಲಾಖೆಯ ಕಚೇರಿಗೆ ಲಿಖಿತ ದೂರು ಕೊಡಿ. ಇನ್ನು, ವಿಆರ್‌ಎಸ್ ತಗೊಂಡರೂ ಬಿಟ್ಟರೂ ಈ ವಾರವೇ ಪಿಎಫ್ ಖಾತೆಯಲ್ಲಿ ಹೆಸರು, ಹುಟ್ಟಿದ ದಿನ, ಆಧಾರ್, ನಾಮಿನಿ ಸರಿಯಾಗಿವೆಯೇ ನೋಡಿ. ತಪ್ಪಿದ್ದರೆ ಕೆಲಸದಲ್ಲಿರುವಾಗ ಸರಿಪಡಿಸುವುದು ಸುಲಭ. ಬಿಟ್ಟ ಮೇಲೆ ಅದೇ ಕಂಪನಿಯ ಗೇಟಿನಲ್ಲಿ ಪಾಸ್ ಬರೆಸಿ ಒಳಗೆ ಹೋಗಬೇಕಾಗುತ್ತದೆ.